ಜಾಮಾದ ಎಂಜಿನ್ನು, ಜೀಪು ಮತ್ತು ಹಗ್ಗ

ಆಯುಧ ಪೂಜೆ ಹತ್ತಿರ ಬಂತು ಎಂದು ತಿಳಿಯಲು ನನಗೆ ಕ್ಯಾಲೆಂಡರ್ ಬೇಡ, ಮೊಬೈಲ್ ನೋಡಿದರೆ ಸಾಕು. ಮಳೆಗಾಲವಿಡೀ ಕೊಟ್ಟಿಗೆಯ ಮೂಲೆಯಲ್ಲಿ ಮರೆತು ಹೋಗಿದ್ದ ಹಳೆ ಟಿಲ್ಲರು, ಸಣ್ಣ ಟ್ರಾಕ್ಟರು, ಅಜ್ಜನ ಕಾಲದ ಸೀಮೆ ಎಣ್ಣೆ ಪಂಪು, ಎಲ್ಲವೂ ಆಗ ಒಟ್ಟಿಗೆ ನೆನಪಾಗುತ್ತವೆ. ಮಾಲೆ ಹಾಕುವಾಗ ಅದು ಒಂದು ಸಲವಾದರೂ ಡುಗುಡುಗು ಎನ್ನಬೇಕು ಎಂಬ ಆಸೆ. ಆಸೆ ತಪ್ಪಲ್ಲ, ನಾನೂ ಅದೇ ಹುಚ್ಚಿನವನು. ಕಾಸರಗೋಡು ಜಿಲ್ಲೆಯ ಮುಳ್ಳೇರಿಯದ ನಮ್ಮ ಶೆಡ್ಡಿನಲ್ಲಿ ಅಡಿಕೆಗಿಂತ ಕಬ್ಬಿಣವೇ ಜಾಸ್ತಿ ಎಂದು ಮನೆಯವಳ ದೂರು ಇದ್ದೇ ಇದೆ. ಆದರೆ ಪ್ರತಿ ವರ್ಷ ಅದೇ ನಾಲ್ಕು ಪ್ರಶ್ನೆ, ಅದೇ ಅವಸರ. ಉತ್ತರ ಹೇಳಿ ಹೇಳಿ ಬಾಯಿ ನೋಯುತ್ತದೆ ಮಾರಾಯರೆ. ಈ ಸಲ ಬರೆದೇ ಬಿಡುತ್ತೇನೆ. ಸ್ಪ್ಯಾನರ್ ಹಿಡಿಯಲು ಗೊತ್ತಿಲ್ಲದವರು ಮೊದಲು ಗೊತ್ತಿರುವ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಪ್ರಶ್ನೆ: ತಂದೆಯವರು ಗದ್ದೆ ಕೆಲಸಕ್ಕೆಂದು ತೆಗೆದುಕೊಂಡಿದ್ದ 18.5 ಎಚ್‌ಪಿಯ ಮಿತ್ಸುಬಿಷಿ ಶಕ್ತಿ ಟ್ರಾಕ್ಟರ್ ಇದೆ. ಗದ್ದೆಯೆಲ್ಲ ತೋಟವಾದ ಮೇಲೆ ಹತ್ತು ವರ್ಷದಿಂದ ನಿಂತಲ್ಲೇ ನಿಂತಿದೆ. ಎಂಜಿನ್ ಜಾಮ್. ಜೀಪಿಗೆ ಹಗ್ಗ ಕಟ್ಟಿ ಎಳೆದು ಕ್ಲಚ್ ಬಿಟ್ಟರೆ ಬಿಡುತ್ತದೆ ಎಂದು ಇಲ್ಲಿನ ಮೆಕ್ಯಾನಿಕ್ ಹೇಳುತ್ತಾರೆ. ಮಾಡಬಹುದೇ? (ಓದುಗರು, ಪೆರ್ಲ)

ಬೇಡ. ಹಗ್ಗ ಒಳಗಿಡಿ. ಆ ಮೆಕ್ಯಾನಿಕ್‌ಗೆ ಚಹಾ ಕುಡಿಸಿ ಕಳುಹಿಸಿ.

ಯಾಕೆ ಎಂದು ಹೇಳುತ್ತೇನೆ. ಈ ಎಂಜಿನ್ನಿಗೆ ಮೂರು ಸಿಲಿಂಡರ್, ಎಲ್ಲ ಸೇರಿ ಹತ್ತಿರ ಹತ್ತಿರ 900 ಸಿಸಿ. ಅಂದರೆ ಒಂದು ಸಿಲಿಂಡರಿಗೆ 300. ಡೀಸೆಲ್ ಎಂಜಿನ್ನಿನಲ್ಲಿ ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಗಾಳಿಯನ್ನು ಇಪ್ಪತ್ತರಲ್ಲಿ ಒಂದು ಪಾಲಿನಷ್ಟು ಜಾಗಕ್ಕೆ ಒತ್ತುತ್ತದೆ. ಆಗ ಉಳಿಯುವ ಜಾಗ ಸುಮಾರು 15 ಸಿಸಿ, ಮೂರು ಚಮಚ. ನಿಮ್ಮ ಸೈಲೆನ್ಸರ್ ಪೈಪು ಆಕಾಶ ನೋಡುತ್ತಾ ನಿಂತಿದೆ. ನಮ್ಮಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಬೀಳುತ್ತದೆ. ಎಕ್ಸಾಸ್ಟ್ ವಾಲ್ವ್ ತೆರೆದೇ ನಿಂತ ಸಿಲಿಂಡರ್ ಒಂದಾದರೂ ಇರುತ್ತದೆ. ಅದರೊಳಗೆ ನಾಲ್ಕು ಚಮಚ ನೀರು ಇಳಿದಿದ್ದರೆ ಸಾಕು. ಗಾಳಿ ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಜೀಪು ಎಳೆಯುತ್ತದೆ, ಚಕ್ರ ತಿರುಗುತ್ತದೆ, ಪಿಸ್ಟನ್ ಮೇಲೆ ಹೋಗಲೇಬೇಕಾಗುತ್ತದೆ. ಆಗ ಬಾಗುವುದು ಪಿಸ್ಟನ್ನನ್ನು ಕೆಳಗಿನ ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡು. ನೀರಿಲ್ಲದೆ ಬರೀ ತುಕ್ಕೇ ಇದ್ದರೂ ಸಿಲಿಂಡರ್ ಗೋಡೆಗೆ ಅಂಟಿದ ಪಿಸ್ಟನ್ ರಿಂಗು ತುಂಡಾಗುತ್ತದೆ. ಆ ತುಂಡು ಗೋಡೆಯನ್ನು ಉದ್ದಕ್ಕೂ ಕೊರೆಯುತ್ತದೆ. "ನಾನು ಎಳೆದೆ, ಬಿಟ್ಟಿತು" ಎನ್ನುವವರು ಇದ್ದಾರೆ. ಆಮೇಲೆ ಅದು ಎಷ್ಟು ದಿನ ಓಡಿತು ಎಂದು ಅವರನ್ನೇ ಕೇಳಿ.

ಮೊದಲು ಜಾಮ್ ಆದದ್ದು ಎಂಜಿನ್ನೇ ಹೌದಾ ಎಂದು ನೋಡಿ. ಇದನ್ನು ಯಾರೂ ನೋಡುವುದಿಲ್ಲ. ನಾನೇ ಒಮ್ಮೆ ಒಂದು ಟ್ರಾಕ್ಟರಿಗೆ ಹತ್ತು ದಿನ ಎಣ್ಣೆ ಕುಡಿಸಿದ್ದೆ, ಅದು ಅಲ್ಲಾಡಲೇ ಇಲ್ಲ. ಹನ್ನೊಂದನೇ ದಿನ ಸ್ಟಾರ್ಟರ್ ಮೋಟಾರ್ ಬಿಚ್ಚಿದೆ. ಅದರ ಪಿನಿಯನ್, ಅಂದರೆ ಸಣ್ಣ ಹಲ್ಲಿನ ಚಕ್ರ, ಎಂಜಿನ್ನಿನ ದೊಡ್ಡ ಚಕ್ರವಾದ ಫ್ಲೈವೀಲಿನ ಹಲ್ಲಿಗೆ ಕಚ್ಚಿ ಕುಳಿತಿತ್ತು. ಮೋಟಾರ್ ಹೊರಗೆ ಬಂದದ್ದೇ ತಡ, ಎಂಜಿನ್ ಒಂದೇ ಕೈಯಲ್ಲಿ ತಿರುಗಿತು. ಪಕ್ಕದಲ್ಲಿ ನಿಂತಿದ್ದ ಹುಡುಗ ನಕ್ಕ, ನನಗೆ ನಗು ಬರಲಿಲ್ಲ. ಹಾಗಾಗಿ ಗೇರ್ ನ್ಯೂಟ್ರಲ್ ಮಾಡಿ, ಫ್ಯಾನ್ ಬೆಲ್ಟ್ ತೆಗೆಯಿರಿ, ಸ್ಟಾರ್ಟರ್ ಬಿಚ್ಚಿ, ಆಮೇಲೆ ತಿರುಗಿಸಿ ನೋಡಿ. ಇನ್ನೊಂದು, ಎಷ್ಟೋ ವರ್ಷ ನಿಂತ ಗಾಡಿಯಲ್ಲಿ ಕ್ಲಚ್ ಪ್ಲೇಟ್ ಫ್ಲೈವೀಲಿಗೆ ಅಂಟಿಕೊಳ್ಳುವುದೂ ಉಂಟು. ಪೆಡಲ್ ಒತ್ತಿದರೂ ಗೇರ್ ಬೀಳುವುದಿಲ್ಲ. ಅದಕ್ಕೆ ಎಂಜಿನ್ನನ್ನು ಬೈದು ಪ್ರಯೋಜನವಿಲ್ಲ.

ನಿಜವಾಗಿ ಎಂಜಿನ್ನೇ ಹಿಡಿದಿದ್ದರೆ ಆಯಿಲ್ ಡ್ರೈನ್ ನಟ್ಟನ್ನು ಅರ್ಧ ಸುತ್ತು ಮಾತ್ರ ಸಡಿಲಿಸಿ ಕಾಯಿರಿ. ನೀರು ಎಣ್ಣೆಗಿಂತ ಭಾರ, ಚೇಂಬರಿನ ತಳದಲ್ಲಿರುತ್ತದೆ, ಮೊದಲು ಅದೇ ಹೊರಗೆ ಬರುತ್ತದೆ. ನಾಲ್ಕು ಹನಿ ಬಂದರೆ ಗಾಳಿಯ ತೇವ, ಹೆದರಬೇಡಿ. ಲೋಟ ತುಂಬುವಷ್ಟು ಬಂದರೆ ಮಳೆ ನೀರು ಒಳಗೆ ಹೋಗಿದೆ, ಇಲ್ಲವೇ ರೇಡಿಯೇಟರಿನ ನೀರು ಗ್ಯಾಸ್ಕೆಟ್ ದಾಟಿ ಬಂದಿದೆ. ಎರಡರಲ್ಲಿ ಯಾವುದೇ ಆದರೂ ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ) ಬಿಚ್ಚದೆ ಬೇರೆ ದಾರಿಯಿಲ್ಲ. ಮುಂದಿನ ಎಣ್ಣೆ ಕುಡಿಸುವ ಕೆಲಸವೆಲ್ಲ ಆ ಲೋಟ ತುಂಬದವರಿಗೆ ಮಾತ್ರ.

ಈಗ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಮೂರೂ ನೋಜಲ್ ಬಿಚ್ಚಿ. ಪೈಪುಗಳಿಗೆ ಗುರುತು ಹಾಕಿ, ಬಾಯಿಗೆ ಪ್ಲಾಸ್ಟಿಕ್ ಕಟ್ಟಿ. ಒಂದು ಕಣ ಧೂಳು ಡೀಸೆಲ್ ಪಂಪಿನೊಳಗೆ ಹೋದರೆ ಅದರ ಖರ್ಚೇ ಬೇರೆ. ನೋಜಲ್ ಬರದಿದ್ದರೆ ಸುತ್ತಿಗೆ ಎತ್ತಬೇಡಿ. ಬುಡಕ್ಕೆ ಎಣ್ಣೆ ಬಿಟ್ಟು ಮರುದಿನ ನೋಡಿ. ಆ ತೂತುಗಳ ಮೂಲಕ ಅರ್ಧ ಡೀಸೆಲ್, ಅರ್ಧ ಎಟಿಎಫ್ ಬೆರೆಸಿ ಒಂದೊಂದು ಸಿಲಿಂಡರಿಗೆ ನಲವತ್ತು ಎಂಎಲ್ ಹಾಕಿ. ಎಟಿಎಫ್ ಎಂದರೆ ಪವರ್ ಸ್ಟಿಯರಿಂಗಿಗೆ ಹಾಕುವ ಆ ಕೆಂಪು ಎಣ್ಣೆ. ಬರೀ ಸೀಮೆ ಎಣ್ಣೆ ಹಾಕುವವರಿದ್ದಾರೆ. ಅದು ಆರಿ ಹೋಗುತ್ತದೆ, ಜಾರುವ ಗುಣವೂ ಇಲ್ಲ. ತಂಪು ಪಾನೀಯ ಹೊಯ್ಯುವವರನ್ನೂ ಕಂಡಿದ್ದೇನೆ. ಅದರಲ್ಲಿರುವ ಆಮ್ಲ ತುಕ್ಕನ್ನು ಸ್ವಲ್ಪ ತಿನ್ನುತ್ತದೆ, ನಿಜ. ಅದರ ಸಕ್ಕರೆ ಮತ್ತು ನೀರು ಮಾತ್ರ ಒಳಗೇ ಉಳಿಯುತ್ತವೆ. ಮೊಳೆಗೆ ಮಾಡುವುದನ್ನು ಎಂಜಿನ್ನಿಗೆ ಮಾಡಬೇಡಿ.

ಇನ್ನು ಕಾಯುವುದು. ಒಂದು ವಾರ, ಹತ್ತು ದಿನ. ದಿನಾ ಸಂಜೆ ನೋಡಿ, ಎಣ್ಣೆ ಇಳಿದಿದ್ದರೆ ಮತ್ತೆ ಹಾಕಿ. ಇಳಿಯುವುದು ಒಳ್ಳೆಯ ಲಕ್ಷಣ, ರಿಂಗಿನ ಸಂದಿಯಲ್ಲಿ ದಾರಿ ಆಗುತ್ತಿದೆ ಎಂದರ್ಥ. ಕಾಯುವಾಗ ಮೇಲಿನ ರಾಕರ್ ಕವರ್ ತೆಗೆದು ವಾಲ್ವ್ ಸ್ಪ್ರಿಂಗುಗಳಿಗೂ ಅದೇ ಎಣ್ಣೆ ಬಿಡಿ. ಪಿಸ್ಟನ್ ಬಿಟ್ಟರೂ ವಾಲ್ವ್ ಹಿಡಿದಿದ್ದರೆ ಅದನ್ನು ತೆರೆಯಲು ತಳ್ಳುವ ಪುಶ್ ರಾಡ್ ಬಾಗುತ್ತದೆ.

ಹತ್ತು ದಿನದ ಮೇಲೆ ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ಸಾಕೆಟ್ ಹಾಕಿ ಮೆಲ್ಲಗೆ ಒತ್ತಿ. ಹಿಂದಕ್ಕೆ ತಿರುಗಿಸುವಾಗ ನಟ್ಟೇ ಸಡಿಲವಾಗದಂತೆ ನೋಡಿ, ಅಥವಾ ಸ್ಟಾರ್ಟರ್ ಇದ್ದ ಕಿಂಡಿಯಿಂದ ಫ್ಲೈವೀಲ್ ಹಲ್ಲಿಗೆ ಮೀಟುಗೋಲು ಕೊಟ್ಟು ಹಿಂದೆ ತಳ್ಳಿ. ಹಿಡಿಕೆ ಮೊಣಕೈಯಷ್ಟು ಉದ್ದ ಇದ್ದರೆ ಸಾಕು. ಅದಕ್ಕೆ ಮೂರಡಿ ಪೈಪು ತುರುಕುವವರು ನನ್ನ ಹತ್ತಿರ ಬರಬೇಡಿ. ಒಂದು ಕೂದಲೆಳೆಯಷ್ಟು ಮುಂದೆ ಹೋಯಿತಾ? ಅಲ್ಲೇ ನಿಲ್ಲಿಸಿ, ಹಿಂದೆ ತನ್ನಿ. ಮತ್ತೆ ಮುಂದೆ. ಆಟ ಸ್ವಲ್ಪ ಸ್ವಲ್ಪವೇ ದೊಡ್ಡದಾಗುತ್ತದೆ. ಕೆಲವರು ಮುಂದೆ ಹೋದ ಖುಷಿಯಲ್ಲಿ ಮುಂದೆಯೇ ಒತ್ತುತ್ತಾರೆ. ಆಗ ತುಕ್ಕಿನ ಪುಡಿ ರಿಂಗಿನ ಮುಂದೆ ರಾಶಿ ಬಿದ್ದು ಪುನಃ ಹಿಡಿಯುತ್ತದೆ. ಮೂರು ವಾರವಾದರೂ ಅಲ್ಲಾಡಲಿಲ್ಲ ಎಂದರೆ ಹೆಡ್ ಬಿಚ್ಚಿ. ಆಮೇಲೆ ಪಿಸ್ಟನ್ ಮೇಲೆ ಮರದ ತುಂಡು ಇಟ್ಟು ಮೆಲ್ಲಗೆ ತಟ್ಟಬಹುದು. ನೋಜಲ್ ತೂತಿನಲ್ಲಿ ಕಬ್ಬಿಣದ ಸರಳು ಹಾಕಿ ಕುಟ್ಟುವುದು ಬೇಡವೇ ಬೇಡ.

ಪೂರ್ತಿ ಎರಡು ಸುತ್ತು ಬಂದ ಮೇಲೆ ನೋಜಲ್ ಇಲ್ಲದೆಯೇ ಕೈಯಲ್ಲಿ ಹತ್ತಿಪ್ಪತ್ತು ಸುತ್ತು ತಿರುಗಿಸಿ. ಹಾಕಿದ ಎಣ್ಣೆ ಕಾರಂಜಿಯ ಹಾಗೆ ಚಿಮ್ಮುತ್ತದೆ. ತೂತಿನ ಮೇಲೆ ಬಟ್ಟೆ ಹಾಸಿ, ಮುಖ ದೂರ ಇಡಿ. ಆ ಎಣ್ಣೆ ಹೊರಗೆ ಬಾರದೆ ನೋಜಲ್ ಕೂರಿಸಿದರೆ ಮೇಲೆ ಹೇಳಿದ ಮೂರು ಚಮಚದ ಲೆಕ್ಕ ಮತ್ತೆ ಶುರು. ಆಮೇಲೆ ಹೊಸ ಆಯಿಲ್, ಹೊಸ ಫಿಲ್ಟರ್, ನೋಜಲಿಗೆ ಹೊಸ ತಾಮ್ರದ ವಾಷರ್, ತೊಳೆದ ಟ್ಯಾಂಕು, ಹೊಸ ಡೀಸೆಲ್. ಡೀಸೆಲ್ ಪೈಪಿನೊಳಗಿನ ಗಾಳಿ ತೆಗೆಯುವುದು ನಿಮಗೆ ಗೊತ್ತಿರಬಹುದು.

ಒಂದು ವಿಷಯದಲ್ಲಿ ಮಾತ್ರ ನಾನು ಹೆದರುಪುಕ್ಕಲ. ಮೊದಲ ಸಲ ಸ್ಟಾರ್ಟ್ ಮಾಡುವಾಗ ಏರ್ ಕ್ಲೀನರ್ ತೆಗೆದಿಟ್ಟು, ಗಾಳಿ ಒಳಗೆ ಹೋಗುವ ಬಾಯಿಯ ಪಕ್ಕ ಒಬ್ಬರನ್ನು ದಪ್ಪ ಹಲಗೆ ಹಿಡಿದು ನಿಲ್ಲಿಸುತ್ತೇನೆ. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ. ಒಳಗೆ ಉಳಿದ ಎಣ್ಣೆಯನ್ನೇ ಸುಟ್ಟು ಓಡಲು ಶುರು ಮಾಡಿದರೆ ಕೀ ತೆಗೆದರೂ ನಿಲ್ಲುವುದಿಲ್ಲ, ಡೀಸೆಲ್ ಬಂದ್ ಮಾಡಿದರೂ ನಿಲ್ಲುವುದಿಲ್ಲ. ಸ್ಪೀಡ್ ಏರುತ್ತಲೇ ಹೋಗಿ ಎಂಜಿನ್ ಒಡೆಯುತ್ತದೆ. ಗಾಳಿ ಕಟ್ಟಿದರೆ ಮಾತ್ರ ನಿಲ್ಲುತ್ತದೆ. ಹಲಗೆಯೇ ಬೇಕು. ಬಟ್ಟೆ ಇಟ್ಟರೆ ಒಳಗೆ ಎಳೆದುಕೊಳ್ಳುತ್ತದೆ, ಅಂಗೈ ಇಟ್ಟರೆ ಅಂಗೈಯನ್ನೂ ಹಿಡಿದುಕೊಳ್ಳುತ್ತದೆ. ನಾನು ಆ ಹಲಗೆ ಬಳಸಿದ್ದು ಒಂದೇ ಸಲ. ಆ ಶಬ್ದ ಇನ್ನೂ ಕಿವಿಯಲ್ಲಿದೆ.

ಇಷ್ಟೆಲ್ಲ ಆಗುವಾಗ ಈ ವರ್ಷದ ಆಯುಧ ಪೂಜೆ ಮುಗಿದಿರುತ್ತದೆ. ಜಾಮಾದ ಗಾಡಿಗೂ ಮಾಲೆ ಹಾಕಬಹುದು.

ಪ್ರಶ್ನೆ: ಎಂಜಿನ್ ಬಿಚ್ಚದೆ ರಿಂಗು ಸರಿಯಾಗುವ ಬಾಟಲಿ ಮದ್ದು ಸಿಗುತ್ತದಂತೆ. ಹಾಕಬಹುದೇ? (ಬದಿಯಡ್ಕ)

ಸವೆದ ಕಬ್ಬಿಣವನ್ನು ಬಾಟಲಿಯೊಳಗಿನ ನೀರು ವಾಪಸು ತರುವುದಾದರೆ ಪುತ್ತೂರಿನ ಲೇತಿನವರೆಲ್ಲ ಬಾಗಿಲು ಹಾಕಬೇಕಿತ್ತು. ಆ ಮದ್ದಿನಲ್ಲಿ ಹೆಚ್ಚಾಗಿ ಇರುವುದು ದಪ್ಪ ಎಣ್ಣೆ. ದಪ್ಪ ಎಣ್ಣೆ ಹಾಕಿದರೆ ಹೊಗೆ ನಾಲ್ಕು ದಿನ ಕಮ್ಮಿಯಾಗುತ್ತದೆ. ಮಾರುವವನು ಊರು ಬಿಡಲು ಅಷ್ಟು ದಿನ ಸಾಕು.

ಪ್ರಶ್ನೆ: ಡೀಸೆಲಿಗೆ ಸೀಮೆ ಎಣ್ಣೆ ಬೆರೆಸಿದರೆ ಪವರ್ ಜಾಸ್ತಿಯಾ? (ಬಾಯಾರು)

ಇಲ್ಲ. ಡೀಸೆಲ್ ಪಂಪಿಗೆ ಬೇಕಾದ ಜಾರುವ ಗುಣ ಡೀಸೆಲಿನಿಂದಲೇ ಸಿಗುತ್ತದೆ. ಅದನ್ನು ತೆಳ್ಳಗೆ ಮಾಡಿದರೆ ಪಂಪು ಸವೆಯುತ್ತದೆ.

ಪ್ರಶ್ನೆ: ಸೀಮೆ ಎಣ್ಣೆ ಪಂಪಿನ ಟ್ಯಾಂಕಿಗೆ ತೂತು ಬಿದ್ದಿದೆ. ಖಾಲಿ ಮಾಡಿ ವೆಲ್ಡಿಂಗ್ ಮಾಡಿಸಬಹುದಲ್ವಾ? (ನೀರ್ಚಾಲು)

ಖಾಲಿ ಟ್ಯಾಂಕೇ ಹೆಚ್ಚು ಅಪಾಯ. ತುಂಬಿದ ಟ್ಯಾಂಕಿನಲ್ಲಿ ಎಣ್ಣೆ ಇರುತ್ತದೆ, ಖಾಲಿ ಟ್ಯಾಂಕಿನಲ್ಲಿ ಎಣ್ಣೆಯ ಆವಿ ಮತ್ತು ಗಾಳಿ ಎರಡೂ ಇರುತ್ತವೆ. ಕಿಡಿ ತಾಗಿದರೆ ಬಾಂಬು. ಅದರಲ್ಲೂ ಈ ಪಂಪುಗಳನ್ನು ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಬಿಸಿಯಾದ ಮೇಲೆ ಸೀಮೆ ಎಣ್ಣೆಗೆ ತಿರುಗಿಸುವುದು. ಟ್ಯಾಂಕಿನಲ್ಲಿ ಪೆಟ್ರೋಲಿನ ಅಂಶ ಇದ್ದೇ ಇರುತ್ತದೆ. ಸೋಪು ನೀರಿನಲ್ಲಿ ತೊಳೆದು, ತೂತಿನ ಬುಡದವರೆಗೆ ನೀರು ತುಂಬಿಸಿ, ಬೆಂಕಿ ಇಲ್ಲದ ಬೆಸುಗೆ ಪೇಸ್ಟ್ ಹಚ್ಚಿದರೆ ಸಣ್ಣ ತೂತಿಗೆ ಸಾಕಾಗುತ್ತದೆ ಎಂದು ಬರೆಯುವಷ್ಟರಲ್ಲೇ ಒಬ್ಬರು ನೀರು ತುಂಬಿಸದೆ ಹಚ್ಚಿ ಆಮೇಲೆ ವೆಲ್ಡಿಂಗ್ ಅಂಗಡಿಗೆ ಹೋಗುತ್ತಾರೆ, ನನಗೆ ಗೊತ್ತು. ಹಾಗಾಗಿ ಹೇಳುವುದು ಇಷ್ಟೇ: ಹೊಸ ತಗಡಿನ ಟ್ಯಾಂಕು ಮಾಡಿಸಿ.

ಪ್ರಶ್ನೆ: ಹಳೆ ಟಿಲ್ಲರಿಗೆ ಸ್ಪೇರ್ ಸಿಗುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಗುಜರಿಗೆ ಹಾಕುವುದೇ? (ಕುಂಬಳೆ)

ಎಲ್ಲರೂ ಅಂದರೆ ಗುಜರಿಯವರಾ? ನಮ್ಮ ಕಡೆ ಇರುವ ಹಳೆ ಟಿಲ್ಲರುಗಳು ಹೆಚ್ಚಾಗಿ ಎರಡೇ ಮನೆತನದವು. ಒಂದು 1967ರಲ್ಲಿ ಬೆಂಗಳೂರಿನಲ್ಲಿ ಶುರುವಾದ ವಿಎಸ್‌ಟಿ, ಮೂಲ ಮಿತ್ಸುಬಿಷಿಯದ್ದು. ಇನ್ನೊಂದು 1973ರಲ್ಲಿ ಶುರುವಾದ ಕೇರಳ ಸರಕಾರದ ಕಾಂಕೋ, ಅದಕ್ಕೆ ಮೂಲ ಕುಬೋಟಾ. ಇದರ ಸಾಮಾನು ಅದಕ್ಕೆ ಆಗುವುದಿಲ್ಲ. ಅಂಗಡಿಯಲ್ಲಿ ಬರೀ "ಟಿಲ್ಲರ್ ರಿಂಗು ಕೊಡಿ" ಎಂದರೆ ತಪ್ಪು ಸಾಮಾನು ಬರುವುದು ಅದಕ್ಕೇ. ಬೇರಿಂಗ್, ಆಯಿಲ್ ಸೀಲ್‌ಗಳಿಗೆ ಕಂಪನಿಯ ಹೆಸರೇ ಬೇಡ. ಒರೆಸಿ ನೋಡಿ, ಮೈಮೇಲೆ ನಂಬರ್ ಇರುತ್ತದೆ. 6205 ಎಂದಿದ್ದರೆ ಒಳಗೆ 25, ಹೊರಗೆ 52, ದಪ್ಪ 15 ಮಿಲಿಮೀಟರ್. ಜಗತ್ತಿನ ಯಾವ ಅಂಗಡಿಯಲ್ಲೂ ಅದು ಅಷ್ಟೇ. ಹೊಸ ರಿಂಗು ಸಿಕ್ಕಿದರೆ ಸಿಲಿಂಡರಿನೊಳಗೆ ಬರೀ ರಿಂಗನ್ನು ಇಟ್ಟು ಬಾಯಿಯ ಸಂದಿ ಅಳೆಯಿರಿ. 90 ಮಿಲಿಮೀಟರ್ ಬೋರಿಗೆ (ಸಿಲಿಂಡರಿನ ಒಳ ಅಗಲ) 0.3 ಮಿಲಿಮೀಟರ್ ಆಸುಪಾಸು ಇರಬೇಕು. ಸಂದಿಯೇ ಇಲ್ಲದಿದ್ದರೆ ಬಿಸಿಯಾದಾಗ ರಿಂಗಿನ ಎರಡು ತುದಿ ಒಂದಕ್ಕೊಂದು ಒತ್ತಿ ಮುರಿಯುತ್ತದೆ.

ಪ್ರಶ್ನೆ: ಯಾವ ಪೇಂಟ್ ಒಳ್ಳೆಯದು? (ಉಪ್ಪಳ)

ಎಂಜಿನ್ ಓಡಿದ ಮೇಲೆ ಕೇಳಿ.

ಪ್ರಶ್ನೆ: ಟಿಲ್ಲರ್ ಹ್ಯಾಂಡಲ್ ಹೊಡೆಯುವಾಗ ಹಿಂದೆ ಒದ್ದು ಅಣ್ಣನ ಹೆಬ್ಬೆರಳು ಮುರಿಯಿತು. ಏನು ತಪ್ಪು? (ಅಡೂರು)

ಹೆಬ್ಬೆರಳನ್ನು ಹಿಡಿಕೆಗೆ ಸುತ್ತಿ ಹಿಡಿದಿದ್ದರು. ಐದೂ ಬೆರಳು ಒಂದೇ ಕಡೆ ಇರಬೇಕು. ಆಗ ಒದ್ದರೂ ಹಿಡಿಕೆ ಕೈಯಿಂದ ಜಾರಿ ಹೋಗುತ್ತದೆ. ನನ್ನ ಬಲ ಮಣಿಕಟ್ಟು ಈಗಲೂ ಮಳೆ ಬರುವ ಮುಂಚೆ ನೋಯುತ್ತದೆ, ಕಾರಣ ಅದೇ.

ಪ್ರಶ್ನೆ: ಮಳೆಗಾಲದಲ್ಲಿ ತುಕ್ಕು ತಡೆಯಲು ಸುಟ್ಟ ಎಂಜಿನ್ ಆಯಿಲ್ ಬಳಿಯಬಹುದೇ? (ಮಂಜೇಶ್ವರ)

ಸುಟ್ಟ ಆಯಿಲಿನಲ್ಲಿ ಆಮ್ಲ ಇರುತ್ತದೆ, ಮಸಿ ಇರುತ್ತದೆ. ರಬ್ಬರಿಗೂ ಕೇಡು, ಚರ್ಮಕ್ಕೂ ಕೇಡು. ಗ್ರೀಸ್ ಹಚ್ಚಿ. ಅದಕ್ಕಿಂತ ಮುಖ್ಯ, ಶೆಡ್ಡಿನಲ್ಲಿ ಪಕ್ಕದಲ್ಲಿ ಏನಿದೆ ನೋಡಿ. ಅಡಿಕೆಗೆ ಮದ್ದು ಬಿಡುವವರ ಮನೆಯಲ್ಲಿ ಮೈಲುತುತ್ತಿನ (ತಾಮ್ರದ ಸಲ್ಫೇಟ್) ಚೀಲ, ಅದಕ್ಕೆ ಸುಣ್ಣ ಬೆರೆಸಿ ಮಾಡುವ ಬೋರ್ಡೋ ಮದ್ದಿನ ಡ್ರಮ್ಮು, ಮದ್ದು ಬಿಡುವ ಗಟಾರ್ ಪಂಪು, ಟ್ರಾಕ್ಟರು ಎಲ್ಲ ಒಂದೇ ಮಾಡಿನ ಕೆಳಗೆ. ಮೈಲುತುತ್ತಿನ ನೀರಿನಲ್ಲಿ ಒಂದು ಕತ್ತಿ ಅದ್ದಿ ನೋಡಿ, ಸ್ವಲ್ಪ ಹೊತ್ತಿನಲ್ಲಿ ತಾಮ್ರದ ಬಣ್ಣ ಬರುತ್ತದೆ. ತಾಮ್ರ ಕುಳಿತಷ್ಟು ಕಬ್ಬಿಣ ಕರಗಿರುತ್ತದೆ. ಆ ನೀರು ಸಿಡಿದ ಟ್ರಾಕ್ಟರಿಗೂ ಅದೇ ಗತಿ. ಚೀಲವನ್ನು ಬೇರೆ ಕಡೆ ಇಡಿ.

ಸೈಲೆನ್ಸರ್ ಪೈಪಿನ ಬಾಯಿಗೆ ಪತ್ತನಾಜೆಯ (ಮೇ ಕೊನೆಯ ವಾರ, ಮಳೆಗಾಲದ ಮುಂಚೆ) ಒಳಗೆ ಒಂದು ತೆಂಗಿನ ಗೆರಟೆ ಕವುಚಿ ಹಾಕಿ, ಹಾರದಂತೆ ಕಟ್ಟಿ. ಸ್ಟಾರ್ಟ್ ಮಾಡುವ ಮುಂಚೆ ತೆಗೆಯಲು ಮರೆಯಬೇಡಿ. ನಮ್ಮ ಮನೆಯ ಗೆರಟೆ ಹೋದ ವರ್ಷ ಪಕ್ಕದ ಮನೆಯ ಹಂಚಿಗೆ ಹೋಗಿ ಬಿದ್ದಿದೆ.