ಹೆಸರಿಡಲಿ ಬಿಡಿ, ನೀವು ತಾರೀಕು ಹೇಳಿ

ಪ್ರಯೋಗದ ಪ್ರಾಣಿಗಳನ್ನು ಸಾಕುವ ಅನಿಮಲ್ ಹೌಸ್‌ನ ಅಟೆಂಡರ್ ಇಲಿಗಳಿಗೆ ಹೆಸರಿಡುತ್ತಾರೆ, ಸ್ಟಡಿ ಮುಗಿದು ಇಲಿ ಕೊಲ್ಲುವ ದಿನ ಅಳುತ್ತಾರೆ, ಅವರ ಮನಸ್ಸು ಗಟ್ಟಿ ಮಾಡುವುದು ಹೇಗೆ ಅಂತ ಕೇಳಿದ್ದೀರಿ. ಮಾಡಬೇಡಿ. ನಾನು ಮಾಡಲು ಹೋಗಿ ಕೆಟ್ಟೆ.

ಕಲಬುರಗಿಯ ಒಂದು ಫಾರ್ಮಸಿ ಕಾಲೇಜಿನಲ್ಲಿ ಆರು ವರ್ಷ ಅನಿಮಲ್ ಹೌಸ್ ನೋಡಿಕೊಂಡೆ. ಅಟೆಂಡರ್ ನನಗಿಂತ ಹಿರಿಯರು, ಎಲ್ಲರಿಗೂ ಕಾಕಾ. ನಾವು ಇಲಿಗಳ ತಲೆ, ಬೆನ್ನು, ಬಾಲಕ್ಕೆ ಪಿಕ್ರಿಕ್ ಆಸಿಡ್‌ನ ಹಳದಿ ಗುರುತು ಹಚ್ಚಿ ಲೆಕ್ಕ ಇಡುತ್ತಿದ್ದೆವು. ಕಾಕಾಗೆ ಗುರುತೇ ಬೇಕಿರಲಿಲ್ಲ. ಯಾವುದು ತಿನ್ನುವ ಪೆಲೆಟ್ ಮುಟ್ಟಿಲ್ಲ, ಯಾವುದು ಮೂಲೆ ಸೇರಿದೆ ಅಂತ ಬೆಳಿಗ್ಗೆ ಬಾಗಿಲಲ್ಲೇ ಹೇಳುತ್ತಿದ್ದರು.

ಒಂದು 28 ದಿನದ ಸ್ಟಡಿ ಮುಗಿಯಿತು. 24 ಇಲಿ. ಕಾಕಾ ಶರಣಬಸವೇಶ್ವರ ಜಾತ್ರೆಗೆ ಎರಡು ದಿನ ರಜೆ ಹಾಕಿದ್ದರು. ಅವರು ಇಲ್ಲದಾಗಲೇ ಇಲಿಗಳನ್ನು ಕೊಂದು ಮುಗಿಸಿಬಿಟ್ಟೆ. ಅದನ್ನು ಕರುಣೆ ಅಂದುಕೊಂಡಿದ್ದೆ, ನೋಡಿ. ನಿಜ ಏನಂದರೆ, ಅವರ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಪ್ರಾಣಿ ಪ್ರಯೋಗಕ್ಕೆ ಅನುಮತಿ ಕೊಡುವ ಎಥಿಕ್ಸ್ ಕಮಿಟಿ ಒಪ್ಪಿಗೆ ಇತ್ತು, ರಿಜಿಸ್ಟರ್ ಸರಿ ಇತ್ತು. ಒಂದು ಫೋನ್ ಮಾಡಲಿಲ್ಲ, ಅಷ್ಟೇ. ಕಾಕಾ ನನಗೆ ಅಂತ ಬೆಂಡು ಬತ್ತಾಸು ಹಿಡಿದುಕೊಂಡು ಬಂದರು. ತೊಳೆದು ಬೋರಲು ಹಾಕಿದ ಪಂಜರ ನೋಡಿದರು. "ನನಗೊಂದು ಮಾತ ಹೇಳಬೇಕಿತ್ರಿ ಸರ" ಅಂದರು. ಪೊಟ್ಟಣ ಮೇಜಿನ ಮೇಲಿಟ್ಟು ಕಸಬರಿಗೆ ಹಿಡಿದರು.

ಅಂದಿನಿಂದ ಕೆಲಸ ಪೂರ್ತಿ, ಮಾತು ಬಂದ್. ಮೊದಲೆಲ್ಲ ರಾತ್ರಿ ಕರೆಂಟ್ ಹೋದರೆ ಸೈಕಲ್ ಹತ್ತಿ ಬಂದು ಜನರೇಟರ್ ನೋಡುತ್ತಿದ್ದರು. ಅದು ಅವರ ಡ್ಯೂಟಿ ಅಲ್ಲ, ಯಾರೂ ಹೇಳಿರಲೂ ಇಲ್ಲ. ಮೇ ತಿಂಗಳ ಒಂದು ರಾತ್ರಿ ಕರೆಂಟ್ ಹೋಯಿತು, ಜನರೇಟರ್ ಶುರುವಾಗಲಿಲ್ಲ, ಕಾಕಾ ಬರಲಿಲ್ಲ. ಇಲಿಗಳ ಕೋಣೆ 29 ಡಿಗ್ರಿ ದಾಟಬಾರದು. ನಮ್ಮೂರ ಬಿಸಿಲು ಗೊತ್ತಲ್ವಾ? ಬೆಳಿಗ್ಗೆ ಒಂಬತ್ತು ಇಲಿ ಸತ್ತಿದ್ದವು. ಉಳಿದವುಗಳ ರಿಸಲ್ಟ್ ನಂಬುವಂತಿರಲಿಲ್ಲ. ಮತ್ತೆ 24 ಇಲಿಗೆ ಕಮಿಟಿ ಮುಂದೆ ಅರ್ಜಿ. ಪ್ರಾಣಿಗಳನ್ನು ಆದಷ್ಟು ಕಡಿಮೆ ಬಳಸಿ ಅಂತ ಹುಡುಗರಿಗೆ ಪಾಠ ಮಾಡುತ್ತಿದ್ದವನೂ ನಾನೇ.

ಕೌನ್ಸೆಲಿಂಗ್, ಡ್ಯೂಟಿ ಬದಲಾವಣೆ ಎಲ್ಲ ಆಮೇಲೆ. ಮೊದಲು ತಾರೀಕನ್ನು ಒಂದು ವಾರ ಮುಂಚೆ ಹೇಳಿ. ಸಾಕಿದವರ ಕೈಯಲ್ಲೇ ಕೊಲ್ಲಿಸಬೇಡಿ. ಆ ದಿನ ಬರುವುದು ಬಿಡುವುದು ಅವರ ಇಷ್ಟ. ಸ್ಟಡಿಯಿಂದ ಏನು ಗೊತ್ತಾಯಿತು ಅಂತ ಅವರಿಗೂ ಹೇಳಿ, ಸುಮ್ನೆ ವಿದ್ಯಾರ್ಥಿಗಳಿಗಷ್ಟೇ ಅಲ್ಲ. ಹೆಸರಿಟ್ಟರೆ ಸ್ಟಡಿಗೇನೂ ಆಗುವುದಿಲ್ಲ, ಯಾವ ಇಲಿಗೆ ಔಷಧಿ ಹೋಗುತ್ತಿದೆ ಅಂತ ಅವರಿಗೆ ಗೊತ್ತಾಗದಿದ್ದರೆ ಸಾಕು.

ನಾನು ಆಮೇಲೆ ತಾರೀಕು ಹೇಳತೊಡಗಿದೆ. ಕಾಕಾ ಒಂದು ಸಲವೂ ನಿಂತು ನೋಡಲಿಲ್ಲ. ಹಿಂದಿನ ಸಂಜೆ ಬಂದು ಎಲ್ಲಾ ಪಂಜರಗಳಿಗೆ ಹೊಸ ಹೊಟ್ಟು ಹಾಸಿ ಹೋಗುತ್ತಿದ್ದರು.