ಹೊಸ ಅಲಾಯ್ ಹಾಕಿಸಿದೆ, ಸ್ಟೀರಿಂಗ್ ನಡುಗುತ್ತಿದೆ

ಪ್ರಶ್ನೆ: ಸರ್, ನನ್ನದು ಸೆಕೆಂಡ್ ಹ್ಯಾಂಡ್ ಮರ್ಸಿಡಿಸ್ ಸಿ-ಕ್ಲಾಸ್ ಕೂಪೆ. 18 ಇಂಚಿನ ಚಕ್ರ ತೆಗೆಸಿ 20 ಇಂಚಿನ ಅಲಾಯ್ ಹಾಕಿಸಿದೆ. ಬೆಂಗಳೂರು ಹೆದ್ದಾರಿಯಲ್ಲಿ 90 ದಾಟಿದರೆ ಸ್ಟೀರಿಂಗ್ ನಡುಗುತ್ತದೆ. ಎರಡು ಸಲ ಬ್ಯಾಲೆನ್ಸಿಂಗ್ ಆಯ್ತು. ಏನು ಮಾಡಲಿ?
– ಓದುಗರು, ಮಂಡ್ಯ

ಉತ್ತರ: ಬೋಲ್ಟ್ ಹತ್ತಿತು ಅಂದರೆ ಚಕ್ರ ಸರಿಯಾಗಿ ಕೂತಿತು ಅಂತ ಅಲ್ಲ. ಒಂದು ಚಕ್ರ ಬಿಚ್ಚಿಸಿ, ನಡುವಿನ ದೊಡ್ಡ ತೂತು ಅಳೆಸಿ. ಆ ತೂತಿನೊಳಗೆ ಕೂರುವ ನಿಮ್ಮ ಕಾರಿನ ಹಬ್ (ಚಕ್ರ ಕೂರುವ ನಡುಗುಂಬ) 66.6 ಮಿ.ಮೀ., ಆದರೆ ಹೊರಗಡೆ ಸಿಗುವ ಅಲಾಯ್‌ಗಳಲ್ಲಿ ಎಷ್ಟೋ ಸಲ, ಎಲ್ಲ ಕಾರಿಗೂ ಆಗಲಿ ಅಂತ, 73.1 ಮಿ.ಮೀ. ಇಟ್ಟಿರುತ್ತಾರೆ. ನಡುವೆ ಸಂದು ಉಳಿದರೆ ಚಕ್ರ ಕೂದಲೆಳೆಯಷ್ಟು ಓರೆಯಾಗಿ ಕೂತರೂ ಸಾಕು, ನಡುಕ ಶುರು. ಆ ಸಂದು ತುಂಬುವ, ಬಳೆಯಂಥ ಹಬ್ ರಿಂಗ್ ಹಾಕಿಸಿ, ದೊಡ್ಡ ಖರ್ಚಿಲ್ಲ.

ಬೋಲ್ಟನ್ನೂ ನೋಡಿ. ಮರ್ಸಿಡಿಸ್ ಬೋಲ್ಟಿನ ತಲೆಯ ಕೆಳಭಾಗ ಗುಂಡಗಿರುತ್ತದೆ, ಹೊಸ ಚಕ್ರದ ಬೋಲ್ಟ್ ತೂತು ಆಲಿಕೆಯಂತೆ ಓರೆಯಿದ್ದರೆ ಹಳೇ ಬೋಲ್ಟ್ ಹಾಕಲೇಬೇಡಿ, ಸಡಿಲವಾಗುತ್ತದೆ. ಇದು ಅಪಾಯ.

ಇನ್ನು 20 ಇಂಚು ನಮ್ಮ ರಸ್ತೆಗೆ ಜಾಸ್ತಿಯೇ ಅಲ್ವಾ? 18 ಇಂಚಿನ ಚಕ್ರದ 225/40 ಆರ್18 ಟೈರಿನ ಪಕ್ಕದ ರಬ್ಬರ್ 90 ಮಿ.ಮೀ., 20 ಇಂಚಿನ 225/30 ಆರ್20ರಲ್ಲಿ ಬರೀ 67. ಸರ್ವಿಸ್ ರಸ್ತೆಯ ಗುಂಡಿಗೆ ಇಳಿದರೆ ರಿಮ್ಮೇ ಸೊಟ್ಟಗಾಗಬಹುದು. ರಿಂಗ್ ಹಾಕಿದ ಮೇಲೂ ನಡುಗಿದರೆ ಮೊದಲು ರಿಮ್ ಸೊಟ್ಟಗಾಗಿದೆಯೇ ಅಂತ ತಿರುಗಿಸಿ ನೋಡಿಸಿ.