‘ಈ ಕಾಯಿಲೆಗೆ ಬೇಜಾರು ಸಹಜ ಅಲ್ವಾ?’ ಅಲ್ಲ

ಪ್ರಶ್ನೆ: ಅಪ್ಪನಿಗೆ 67 ವರ್ಷ. ನಾಲ್ಕು ವರ್ಷದಿಂದ ಪಾರ್ಕಿನ್ಸನ್. ಮಾತ್ರೆಯಿಂದ ನಡುಕ ಕಡಿಮೆಯಾಗಿತ್ತು. ಆರು ತಿಂಗಳಿಂದ ಮಾತಿಲ್ಲ, ವಾಕಿಂಗ್ ಇಲ್ಲ, ಬೆಳಗಿನ ಜಾವ ಮೂರಕ್ಕೇ ಎದ್ದು ಕೂರುತ್ತಾರೆ. ಇಂಥ ಕಾಯಿಲೆಗೆ ಬೇಜಾರು ಸಹಜ ಅಲ್ವಾ? ಮನಸ್ಸಿನ ಮಾತ್ರೆ ಶುರು ಮಾಡಿದರೆ ಚಟವಾಗುತ್ತೆ ಅಂತಾರೆ ನೆಂಟರು.
– ಓದುಗರೊಬ್ಬರು, ರಾಜಾಜಿನಗರ

ಉತ್ತರ: ಈ ‘ಸಹಜ ಅಲ್ವಾ’ ಕೇಳಿ ಕೇಳಿ ನನಗೆ ಸಾಕಾಗಿದೆ. ಕಾಯಿಲೆ ಗೊತ್ತಾದ ದಿನ ಅಳು ಬರುವುದು ಸಹಜ. ಆರು ತಿಂಗಳು ಮೂಲೆ ಹಿಡಿಯುವುದು ಸಹಜ ಅಲ್ಲ. ಪಾರ್ಕಿನ್ಸನ್ ಇರುವ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಕಾಣಿಸಿಕೊಳ್ಳುತ್ತದೆ. ಮೆದುಳಿನಲ್ಲಿ ಕೈಕಾಲಿನ ಚಲನೆಯನ್ನು ಹದದಲ್ಲಿಡುವ ಡೋಪಮಿನ್ ಕೋಶಗಳ ಜೊತೆಗೆ ಮನಸ್ಸನ್ನು ಹದದಲ್ಲಿಡುವ ಸೆರೊಟೊನಿನ್ ಕೋಶಗಳೂ ಸೊರಗುತ್ತವೆ. ಎಷ್ಟೋ ಜನರಿಗೆ ಕೈ ನಡುಗುವುದಕ್ಕೆ ವರ್ಷಗಳ ಮೊದಲೇ ಮನಸ್ಸು ಕುಗ್ಗಿರುತ್ತದೆ. ಕಾಯಿಲೆ ಇದೆ ಅಂತಲೇ ಗೊತ್ತಿಲ್ಲದಾಗ ಅವರು ಯಾವ ಕಾಯಿಲೆಗೆ ಬೇಜಾರು ಮಾಡಿಕೊಂಡರು, ಹೇಳಿ?

ಖಿನ್ನತೆಯನ್ನು ಹಾಗೇ ಬಿಟ್ಟರೆ ಪಾರ್ಕಿನ್ಸನ್ ಚಿಕಿತ್ಸೆಯೂ ಹಾಳಾಗುತ್ತದೆ. ‘ಮಾತ್ರೆ ಹಿಡೀತಿಲ್ಲ, ಡೋಸ್ ಜಾಸ್ತಿ ಮಾಡಿ’ ಅಂತ ಒಬ್ಬರನ್ನು ಮನೆಯವರು ಕರೆತಂದಿದ್ದರು. ಮಾತ್ರೆ ಡಬ್ಬಿ ತೆರೆಸಿದೆ. ಬೆಳಗಿನ ಖಾನೆಗಳೆಲ್ಲ ಖಾಲಿ. ಮಧ್ಯಾಹ್ನದ ಖಾನೆಗಳಲ್ಲಿ ಸೋಮವಾರದಿಂದ ಶುಕ್ರವಾರದ ತನಕ ಮಾತ್ರೆ ಹಾಗೇ ಕೂತಿತ್ತು. ಬೆಳಿಗ್ಗೆ ಸೊಸೆ ಕೈಗೇ ಕೊಡುತ್ತಿದ್ದರು, ಮಧ್ಯಾಹ್ನ ಅವರು ಆಫೀಸಿನಲ್ಲಿ. ‘ನುಂಗಿ ಏನಾಗಬೇಕು ಡಾಕ್ಟ್ರೇ’ ಅಂದರು ಆ ಹಿರಿಯರು. ನಾನು ಡೋಸ್ ಜಾಸ್ತಿ ಮಾಡಲಿಲ್ಲ. ಖಿನ್ನತೆಗೆ ಚಿಕಿತ್ಸೆ ಶುರು ಮಾಡಿದೆ.

ನೀವು ಮೊದಲು ಒಂದು ವಾರ ನೋಟ್‌ಬುಕ್‌ನಲ್ಲಿ ಬರೆದಿಡಿ: ಎಷ್ಟು ಹೊತ್ತಿಗೆ ಮಾತ್ರೆ, ಎಷ್ಟು ಹೊತ್ತಿಗೆ ಮಂಕು. ಪಾರ್ಕಿನ್ಸನ್‌ನ ಮುಖ್ಯ ಔಷಧಿ ಲೆವೊಡೋಪಾದ ಪ್ರಭಾವ ಇಳಿಯುವ ಹೊತ್ತಿಗೇ ಕಳವಳ, ಮಂಕು ಬರುತ್ತಿದ್ದರೆ ಹೊತ್ತು ಹೊಂದಿಸಿಯೇ ಸರಿಮಾಡಬಹುದು. ಥೈರಾಯ್ಡ್, ಬಿ12 ನೋಡಿಸಿ. ಖಿನ್ನತೆಯ ಮಾತ್ರೆ ಚಟ ಹಿಡಿಸುವುದಿಲ್ಲ. ಗುಣ ಕಾಣಲು ನಾಲ್ಕರಿಂದ ಆರು ವಾರ ಬೇಕು. ಹತ್ತು ದಿನಕ್ಕೆ ‘ಏನೂ ಆಗಲಿಲ್ಲ’ ಅಂತ ಬಿಡಬೇಡಿ, ನಿಲ್ಲಿಸುವಾಗಲೂ ಡಾಕ್ಟರನ್ನು ಕೇಳಿಯೇ ಇಳಿಸಿ. ಪಾರ್ಕಿನ್ಸನ್‌ಗೇ ಕೊಡುವ ರಸಾಜಿಲಿನ್, ಸೆಲೆಜಿಲಿನ್ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಮರೆಯದೆ ಹೇಳಿ. ಖಿನ್ನತೆಯ ಮಾತ್ರೆ ಜೊತೆ ಬೆರೆತರೆ ತೊಂದರೆಯಾಗಬಹುದು. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ನಿದ್ದೆ ಮಾತ್ರೆ ತರುವುದಂತೂ ಬೇಡವೇ ಬೇಡ. ರಾತ್ರಿ ಬಾತ್‌ರೂಮಿಗೆ ಎದ್ದು ಬಿದ್ದು ಸೊಂಟ ಮುರಿದುಕೊಂಡವರನ್ನು ಸಾಕಷ್ಟು ನೋಡಿದ್ದೇನೆ.

‘ನಾನಿದ್ದು ಏನು ಪ್ರಯೋಜನ’ ಅನ್ನುತ್ತಾರಾ? ಹಾಗಿದ್ದರೆ ಅಪಾಯಿಂಟ್‌ಮೆಂಟ್ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ನಡುರಾತ್ರಿಯಾದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಪ್ರಶ್ನೆ: ಒಬ್ಬರು ನಸುಗುನ್ನಿ ಪುಡಿ ಕೊಟ್ಟು, ಪಾರ್ಕಿನ್ಸನ್ ಬೇರುಸಮೇತ ಹೋಗುತ್ತೆ, ಇಂಗ್ಲಿಷ್ ಮಾತ್ರೆ ಬಿಡಿ ಅಂದಿದ್ದಾರೆ.

ಉತ್ತರ: ಅವರ ಹತ್ತಿರ ಮತ್ತೆ ಹೋಗಬೇಡಿ. ಆ ಬೀಜದಲ್ಲಿ ಲೆವೊಡೋಪಾ ಇರುವುದು ನಿಜ. ಆದರೆ ಒಂದು ಚಮಚದಲ್ಲಿ ಎಷ್ಟಿದೆ ಅಂತ ಕೊಟ್ಟವರಿಗೂ ಗೊತ್ತಿರುವುದಿಲ್ಲ. ಮಾತ್ರೆ ದಿಢೀರನೆ ಬಿಟ್ಟರೆ ಮೈ ಬಿಗಿದು, ಜ್ವರ ಏರಿ ಜೀವಕ್ಕೇ ಅಪಾಯವಾಗಬಹುದು. ಪಾರ್ಕಿನ್ಸನ್ ಅನ್ನು ಬೇರುಸಮೇತ ಕೀಳುವ ಔಷಧಿ ಯಾರ ಹತ್ತಿರವೂ ಇಲ್ಲ.

ಪ್ರಶ್ನೆ: ಸ್ಟ್ರೋಕ್ ಆದ ಮೇಲೆ ಅಮ್ಮ ಫಿಸಿಯೋಥೆರಪಿ ಮಾಡಲ್ಲ. ಸೋಮಾರಿತನವಾ?

ಉತ್ತರ: ಅಲ್ಲ. ಇದೂ ಖಿನ್ನತೆ ಇರಬಹುದು. ಮೊದಲ ಉತ್ತರ ಓದಿ, ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಫಿಟ್ಸ್‌ಗೆ ಲೆವೆಟಿರಸಿಟಮ್ ಮಾತ್ರೆ ಶುರುವಾದಾಗಿನಿಂದ ಮಗ ವಿಪರೀತ ಸಿಡುಕುತ್ತಾನೆ. ಫಿಟ್ಸ್ ಬಂದಾಗ ಕೈಗೆ ಕೀ ಕೊಡಬೇಕಾ?

ಉತ್ತರ: ಸಿಡುಕು ಆ ಮಾತ್ರೆಯದೇ ಇರಬಹುದು. ನೀವಾಗಿಯೇ ನಿಲ್ಲಿಸಬೇಡಿ, ಈ ವಾರವೇ ಡಾಕ್ಟರಿಗೆ ಹೇಳಿ, ಬದಲಿ ಮಾತ್ರೆ ಇದೆ. ಕೀ ಬೇಡ, ಈರುಳ್ಳಿ ಬೇಡ. ಮಗ್ಗುಲಿಗೆ ಮಲಗಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಆಂಬ್ಯುಲೆನ್ಸ್ ಕರೆಸಿ.